ಅಲೆ ನಮ್ಮದು, ಬೀಗ ದಿಲ್ಲಿಯದು

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾದಾಗ ಧಾರವಾಡವೂ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಮುಂಬಯಿ ಆಡಳಿತದಲ್ಲಿದ್ದವು. ನಾಡು ಒಂದಾದದ್ದು 1956ರಲ್ಲಿ. ಆದರೆ ಕಿವಿಗೆ ಅದು ಆರು ವರ್ಷ ಮೊದಲೇ ಒಂದಾಗತೊಡಗಿತ್ತು. ಬಾನುಲಿಯ ಬಲ ಅಂಥದು.

ಊರಿಗೂ ಅದರದೇ ದನಿ ಬೇಡವೇ? ಅಡಿಕೆ ಧಾರಣೆ, ಗಿರಣಿಯ ಕೂಲಿ, ಭಾಗವತರ ಪದ, ಸಿದ್ದಿಗಳ ಡಮಾಮಿ ಇವೆಲ್ಲ ಕೂಡಿದರೇ ನಮ್ಮ ಊರು.

ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. 2006ರಿಂದ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದು. ಆದರೆ ಆಕಾಶವಾಣಿಯ ವಾರ್ತೆಯ ಹೊರತು ತಮ್ಮದೇ ಸುದ್ದಿ ಹೇಳುವಂತಿಲ್ಲ! ಧಾರಣೆ ಹೇಳಬಹುದು, ಕೂಲಿಗಾಗಿ ಹೂಡಿದ ಮುಷ್ಕರದ ಸುದ್ದಿ ಹೇಳಕೂಡದು.

ಬಂಧುಗಳೇ, ಊರಿನ ಕೇಂದ್ರವನ್ನೂ ಕೇಳೋಣ, ಸುದ್ದಿಯ ಹಕ್ಕನ್ನೂ ಕೇಳೋಣ. ವ್ಯಾಪಾರಿಯೂ ಕೂಲಿಕಾರನೂ ಕೂಡಿಯೇ ಕೇಳೋಣ.