ಹಿಗ್ಗಿದಾಗ ಡಾಕ್ಟರ ಹತ್ರ ಯಾರು ಹೋಗ್ತಾರೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ಕಡೆ ಎಲ್ಲೋ ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ: ನನ್ನ ಹೆಸರು ಹೇಳಲ್ಲ. ಮನೇಲಿ ತಂಗಿ ಮದುವೆ ಆಗಬೇಕು. ಅಣ್ಣನಿಗೆ ತಲೆ ಕಾಯಿಲೆ ಅಂತ ಗೊತ್ತಾದ್ರೆ ಗಂಡಿನ ಕಡೆಯವರು ವಾಪಸ್ ಹೋಗ್ತಾರೆ ಅನ್ನೋ ಭಯ ನಮ್ಮವ್ವನಿಗೆ ಇನ್ನೂ ಇದೆ. ಆದರೂ ಮಾತಾಡು ಅಂತ ಕಳಿಸಿದ್ದು ಅವ್ವನೇ.

ನಮ್ಮೂರು ಚಿನಕುರಳಿ ಕಡೆ. ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೀಬೇಕು, ಜನ ಕ್ಯಾನು ಹಿಡ್ಕೊಂಡು ನಿಂತಿರ್ತಾರೆ. ಒಂದು ಮಳೆಗಾಲ ನನ್ನ ಕೈಲಿ ಎದ್ದೇಳೋಕೇ ಆಗಲಿಲ್ಲ. ಎಚ್ಚರ ಇರುತ್ತೆ, ಆದರೆ ಕಾಲು ಹಾಸಿಗೆಯಿಂದ ಕೆಳಗೆ ಇಳಿಯಲ್ಲ. ಊಟ ಸೇರಲ್ಲ. ಜನ ಸೋಮಾರಿ ಅಂದ್ರು. ನಾನೂ ಹಾಗೇ ಅಂದುಕೊಂಡೆ.

ಒಂದು ರಾತ್ರಿ ಮೊಬೈಲಲ್ಲಿ ಹುಡುಕಿ, ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಡಾಕ್ಟರ ಜೊತೆ ಮಾತಾಡಿದೆ. ಒಬ್ಬನೇ, ಬಾಗಿಲು ಹಾಕ್ಕೊಂಡು, ಹತ್ತೇ ನಿಮಿಷ. ನಾನು ಹೇಳಿದ್ದು ಬೇಜಾರು, ಸುಸ್ತು, ನಿದ್ದೆಯ ವಿಷಯ ಮಾತ್ರ. ಖಿನ್ನತೆ ಅಂತ ಮಾತ್ರೆ ಬರೆದ್ರು. ಇದಕ್ಕೂ ಮುಂಚೆ ಯಾವತ್ತಾದ್ರೂ ಅತಿಯಾಗಿ ಹುಮ್ಮಸ್ಸು ಬಂದಿತ್ತಾ, ನಿದ್ದೆನೇ ಬೇಡ ಅನ್ನಿಸಿತ್ತಾ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾತ್ರೆ ಶುರು ಮಾಡಿ ಮೂರು ವಾರ ಆಗಿತ್ತು. ಎದ್ದೆ. ಎದ್ದೆ ಅಂದ್ರೆ ಹೆಂಗೆ, ಮಲಗೋದನ್ನೇ ಬಿಟ್ಟೆ! ರಾತ್ರಿಗೆ ಎರಡು ಗಂಟೆ ನಿದ್ದೆ ಸಾಕಾಗ್ತಿತ್ತು. ನಮ್ಮ ಕಡೆ ಬೆಲ್ಲವನ್ನ ದುಬೈಗೆ ಕಳಿಸ್ತೀನಿ ಅಂತ ತಲೆಗೆ ಬಂತು. ಆಲೆಮನೆ ಆಲೆಮನೆ ಸುತ್ತಿ ಮುಂಗಡ ಕೊಟ್ಟೆ. ಮೂರು ಜನರ ಹತ್ರ ಸಾಲ, ಒಟ್ಟು 1 ಲಕ್ಷ 40 ಸಾವಿರ. ಒಂದು ದಿನ ರಾತ್ರಿ 2 ಗಂಟೆಗೆ ಬೈಕ್ ಹತ್ತಿ ನಾಗಮಂಗಲದಲ್ಲಿರೋ ಸ್ನೇಹಿತನ ಮನೆ ಬಾಗಿಲು ಬಡಿದೆ. ಬೆಳಗಿನ ಜಾವದವರೆಗೂ ಅವನಿಗೆ ಬೆಲ್ಲದ ಲೆಕ್ಕ ಹೇಳಿದ್ದೇ ಹೇಳಿದ್ದು.

ಅವನು ಜಗಳ ಆಡಲಿಲ್ಲ. ಕಾಫಿ ಕೊಟ್ಟ, ಬೈಕ್ ಕೀ ಎತ್ತಿಟ್ಕೊಂಡ, ಹಿತ್ತಲಿಗೆ ಹೋಗಿ 14416ಕ್ಕೆ ಫೋನ್ ಮಾಡಿದ. ಅದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ, ಇದಕ್ಕೆ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ದು. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕಾಯಿಲೆ ಇರೋನೇ ಫೋನ್ ಮಾಡ್ಬೇಕು ಅಂತಿಲ್ಲ, ಜೊತೆಗಿರೋರೂ ಮಾಡಬಹುದು. ಮನೋವೈದ್ಯರಿಗೆ ಬೇಗ ತೋರಿಸಿ, ಮನೆಯವರನ್ನೂ ಕೂರಿಸಿ ಅಂತ ಅವರು ಹೇಳಿದ್ರು.

ಆ ಸಂಜೆ ಮನೋವೈದ್ಯರೊಬ್ಬರ ಜೊತೆ ವಿಡಿಯೊ ಕಾಲ್. ಮನೆಯೊಳಗೆ ಸಿಗ್ನಲ್ ಸಿಗಲ್ಲ ಅಂತ ತಾರಸಿ ಮೇಲೆ ಚಾಪೆ ಹಾಸಿದ್ವಿ. ನಾನು ಯಾಕೆ ಒಪ್ಪಿದೆ ಗೊತ್ತಾ? ಡಾಕ್ಟರಿಗೂ ಬೆಲ್ಲ ಮಾರೋಣ ಅಂತ! ಅವರು ಸ್ವಲ್ಪ ಹೊತ್ತು ನನ್ನ ಮಾತು ಕೇಳಿದ್ರು. ಆಮೇಲೆ, "ನಿಮ್ಮ ತಾಯಿ ಇದ್ದಾರಾ? ಫೋನು ಅವರ ಕಡೆ ತಿರುಗಿಸಿ" ಅಂದ್ರು.

"ಅಮ್ಮಾ, ಮಗ ರಾತ್ರಿ ಎಷ್ಟು ಹೊತ್ತು ಮಲಗ್ತಾನೆ?"

"ಎಲ್ ಮಲಗ್ತಾನೆ ಮೇಡಮ್ಮೋರೆ. ಒಂದು ಗಳಿಗೆ ಕಣ್ಣು ಮುಚ್ಚಲ್ಲ."

"ಹಿಂದೆ ಯಾವತ್ತಾದ್ರೂ ಹಿಂಗೆ ಆಗಿತ್ತಾ?"

ಅವ್ವ ಸುಮ್ಮನಾದಳು. ಆಮೇಲೆ ಹೇಳಿದಳು: "ಪಿಯುಸೀಲಿ ಇದ್ದಾಗ ಮೇಲುಕೋಟೆ ವೈರಮುಡಿಗೆ ಹೋದೋನು ನಾಕು ದಿನ ಮನೆಗೇ ಬರ್ಲಿಲ್ಲ. ಅಲ್ಲೇ ತಿರುಗ್ತಾ, ಕಂಡಕಂಡೋರಿಗೆಲ್ಲಾ ದುಡ್ಡು ಹಂಚ್ತಿದ್ದ. ದೇವರ ಮೇಲೆ ಭಕ್ತಿ ಬಂದದೆ ಅಂದ್ಕಂಡೆ. ಅದಾದ್ಮೇಲೆ ಎರಡು ತಿಂಗಳು ಮೂಲೆ ಹಿಡಿದು ಮಲಗಿದ."

ಆ ನಾಲ್ಕು ದಿನ ನನ್ನ ತಲೇಲಿ ನನ್ನ ಜೀವನದ ಅತಿ ಒಳ್ಳೆ ದಿನಗಳಾಗಿ ಉಳಿದಿದ್ವು. ಕಾಯಿಲೆ ಪಟ್ಟಿಗೆ ಅದನ್ನ ಯಾರು ಸೇರಿಸ್ತಾರೆ ಹೇಳಿ? ಕುಗ್ಗಿದಾಗ ಡಾಕ್ಟರ ಹತ್ರ ಹೋಗ್ತೀವಿ. ಹಿಗ್ಗಿದಾಗ ಯಾರು ಹೋಗ್ತಾರೆ? ಅದಕ್ಕೇ ಬೈಪೋಲಾರ್ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಬರೀ ಖಿನ್ನತೆ ಥರ ಕಾಣುತ್ತೆ. ಬೈಪೋಲಾರ್ ಇರೋರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ನನ್ನ ಹಾಗೆ ಮೇಲಕ್ಕೆ ಹಾರಿಬಿಡ್ತಾರೆ.

ಡಾಕ್ಟರು ಎಲ್ಲಾ ಆನ್‌ಲೈನಲ್ಲೇ ಮುಗಿಸಲಿಲ್ಲ. "ಈ ಸ್ಥಿತೀಲಿ ಇವರನ್ನ ಎದುರಿಗೆ ಕೂರಿಸಿ ನೋಡಬೇಕು" ಅಂದ್ರು. ಮಾರನೇ ದಿನ ಮಂಡ್ಯದ ಮಿಮ್ಸ್‌ಗೆ ಹೋದ್ವಿ. ಅಲ್ಲಿ ಹಳೇ ಮಾತ್ರೆ ನಿಲ್ಲಿಸಿದ್ರು. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಲಿಥಿಯಂ ಶುರು ಮಾಡಿದ್ರು.

ಲಿಥಿಯಂ ಅಂದ ತಕ್ಷಣ ನಮ್ಮಪ್ಪ, "ಮೊಬೈಲ್ ಬ್ಯಾಟರಿಗೆ ಹಾಕೋದನ್ನ ಹುಡುಗನಿಗೆ ಹಾಕ್ತಾರಾ?" ಅಂದ. ಅದೂ ಇದೂ ಒಂದೇ ಧಾತು, ಆದರೆ ಮಾತ್ರೆಯಲ್ಲಿ ಇರೋದು ಅದರ ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಮನೋವೈದ್ಯರು ಇದು ಉನ್ಮಾದವನ್ನ ಇಳಿಸುತ್ತೆ ಅಂತ ಬರೆದ್ರು. ಇನ್ನೊಂದು ವಿಷಯ ಕೇಳಿ ಅಪ್ಪ ಸುಮ್ಮನಾದ. ನಮ್ಮ ಜಿಲ್ಲೆಯ ಅಲ್ಲಾಪಟ್ಟಣದ ಸುತ್ತಿನ ಕಲ್ಲಿನಲ್ಲೇ ಸುಮಾರು 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಅಂದಾಜು ಹೇಳಿತ್ತು. "ನಮ್ಮ ಮಣ್ಣಿಂದೇ ಅನ್ನು" ಅಂದ ಅಪ್ಪ. ಅವತ್ತಿಂದ ಮಾತ್ರೆ ನೆನಪಿಸೋ ಕೆಲಸ ಅವನದ್ದೇ.

ಈಗ ತಿಂಗಳಿಗೊಮ್ಮೆ ವಿಡಿಯೊ ಕಾಲ್. ರಜೆ ಹಾಕಬೇಕಿಲ್ಲ, ಬಸ್ ಚಾರ್ಜಿಲ್ಲ. ಆದರೆ ಫೋನಲ್ಲಿ ಆಗದೇ ಇರೋದೂ ಇದೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಆಗಾಗ ನೋಡಿಸಲೇಬೇಕು. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಕಡಿಮೆ ಆದ್ರೆ ಕೆಲಸ ಮಾಡಲ್ಲ, ಜಾಸ್ತಿ ಆದ್ರೆ ವಿಷ. ಕಬ್ಬಿನ ಗದ್ದೇಲಿ ಬೆವರು ಸುರಿಸಿ ನೀರು ಕುಡಿಯದೇ ಇದ್ರೆ, ವಾಂತಿ ಭೇದಿ ಆದ್ರೆ ಅದು ಏರುತ್ತೆ. ಇನ್ನೊಂದು ಎಚ್ಚರಿಕೆ: ಸೊಂಟ ನೋವು ಅಂತ ಊರಲ್ಲಿ ಹಾಕೋ ಡೈಕ್ಲೋಫೆನಾಕ್ ಇಂಜೆಕ್ಷನ್, ಮೆಡಿಕಲ್ ಶಾಪಿನ ಐಬುಪ್ರೊಫೆನ್ ಕೂಡ ಅದನ್ನ ಏರಿಸಬಹುದು. ಏನೇ ನುಂಗೋಕೆ ಮುಂಚೆ "ನಾನು ಲಿಥಿಯಂ ತಗೋತೀನಿ" ಅಂತ ಹೇಳಿ. ಕೈ ಜೋರಾಗಿ ನಡುಗಿದ್ರೆ, ಮಾತು ತೊದಲಿದ್ರೆ, ನಡಿಗೆ ಓಲಾಡಿದ್ರೆ ವಿಡಿಯೊ ಕಾಲ್‌ಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಆನ್‌ಲೈನ್ ಚಿಕಿತ್ಸೆ ತಗೊಳ್ಳೋರಿಗೆ ಮೂರು ಮಾತು. ಚೀಟಿ ಮೇಲೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇದೆಯಾ ನೋಡಿ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಇರಲೇಬೇಕು. ಒಬ್ಬರೇ ಕೂರಬೇಡಿ, ನಿಮ್ಮನ್ನ ದಿನಾ ನೋಡೋರನ್ನ ಪಕ್ಕ ಕೂರಿಸ್ಕೊಳ್ಳಿ. ಎಷ್ಟು ಗಂಟೆ ನಿದ್ದೆ ಮಾಡಿದ್ರಿ ಅಂತ ದಿನಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ನನ್ನ ಕಾಯಿಲೆ ಮೊದಲು ಕಾಣಿಸ್ಕೊಳ್ಳೋದೇ ನಿದ್ದೇಲಿ. ಸ್ಮಾರ್ಟ್‌ಫೋನ್ ಇಲ್ಲದವರು ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಬಗ್ಗೆ ವಿಚಾರಿಸಿ. ಮಂಗಳವಾರದ ದಿನ ಮನೋವೈದ್ಯರು ಅಲ್ಲಿಗೇ ಬಂದು ನೋಡೋ ಯೋಜನೆ ಅದು.

ಸಾಲ ಇನ್ನೂ 60 ಸಾವಿರ ಇದೆ, ತೀರಿಸ್ತಾ ಇದ್ದೀನಿ. ಕೆ.ಆರ್. ಪೇಟೆಯ ಒಬ್ಬ ಗೆಳೆಯ ದುಡ್ಡು ವಾಪಸ್ ತಗೊಂಡ, ಮಾತು ಮಾತ್ರ ಇನ್ನೂ ಆಡ್ತಿಲ್ಲ. ಅದು ಅವನ ಹಕ್ಕು. ಕೆಲವು ದಿನ ಆ ಹುಮ್ಮಸ್ಸು ನೆನಪಾಗಿ, ಮಾತ್ರೆ ಬಿಟ್ಟುಬಿಡೋಣ ಅನ್ನಿಸುತ್ತೆ. ಹಾಗೆ ಅನ್ನಿಸಿದ್ದನ್ನ ಅವ್ವನಿಗೆ ಹೇಳಿಬಿಡ್ತೀನಿ. ಈಗ ನಮ್ಮಿಬ್ಬರ ಮಧ್ಯೆ ಇರೋ ಒಪ್ಪಂದ ಅಷ್ಟೇ.

ಬದುಕು ಸಾಕು ಅನ್ನಿಸ್ತಿರೋರು ಯಾರಾದ್ರೂ ಇದನ್ನ ಕೇಳ್ತಿದ್ರೆ, ಆಡಿಯೊ ಇಲ್ಲೇ ನಿಲ್ಲಿಸಿ. 14416ಕ್ಕೆ ಫೋನ್ ಮಾಡಿ, ಪಕ್ಕದಲ್ಲಿರೋರನ್ನ ಕರೀರಿ. ಉಳಿದ ಮಾತು ಆಮೇಲೆ ಕೇಳಿದ್ರಾಯ್ತು.

ನಾಳೆ ಐದೂವರೆಗೆ ಡೈರಿ ಬಾಗಿಲು ತೆಗೀಬೇಕು. ಮಲಗ್ತೀನಿ.