ಹೊಟ್ಟೆ ಕೆಟ್ಟಾಗ ಮೊದಲು ಮಾತ್ರೆಯೋ, ನೀರೋ?



ಮಳೆಗಾಲ ಬಂತೆಂದರೆ ನಮ್ಮ ಲಿಂಗಂಪಲ್ಲಿಯ ಮನೆಗಳಲ್ಲಿ ಈ ದೃಶ್ಯ ಹೊಸದೇನಲ್ಲ. ರಾತ್ರಿ ಯಾರಿಗೋ ಭೇದಿ ಹತ್ತುತ್ತದೆ. ಬೆಳಿಗ್ಗೆ ಮನೆಯವರೊಬ್ಬರು ಮೆಡಿಕಲ್ ಶಾಪಿಗೆ ಹೋಗಿ, "ಹೊಟ್ಟೆ ಕೆಟ್ಟಿದೆ, ಏನಾದರೂ ಕೊಡಿ" ಎನ್ನುತ್ತಾರೆ. ನಾಲ್ಕು ಮಾತ್ರೆ ಕೈಗೆ ಬರುತ್ತವೆ. ಎರಡು ನುಂಗುವಷ್ಟರಲ್ಲಿ ಭೇದಿ ನಿಲ್ಲುತ್ತದೆ. ಉಳಿದೆರಡು ಮುಂದಿನ ಸಲಕ್ಕೆಂದು ಡಬ್ಬಿ ಸೇರುತ್ತವೆ.

ಆ ಮಾತ್ರೆ ಎಷ್ಟೋ ಸಲ ಆಂಟಿಬಯಾಟಿಕ್ ಆಗಿರುತ್ತದೆ. ವಾಸಿಯಾದದ್ದು ಅದರಿಂದಲೇ ಎಂದು ನಾವು ನಂಬುತ್ತೇವೆ. ಆದರೆ ನೀರಿನಂತೆ ಹೋಗುವ ಭೇದಿಗೆ ಬಹಳಷ್ಟು ಸಲ ವೈರಸ್ ಕಾರಣ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯೇ ಹೊರತು ವೈರಸ್ಸನ್ನಲ್ಲ. ಹೊಟ್ಟೆ ಕೆಲವು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ, ಹೆಸರು ಮಾತ್ರ ಮಾತ್ರೆಗೆ ಬರುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಭೇದಿ ಹೆಚ್ಚುವುದೂ ಉಂಟು.

ಭೇದಿಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಲವಣ. 1971ರಲ್ಲಿ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋಯಿತು. ಆಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲುಕೋಸ್, ಸೋಡಾ ಬೆರೆಸಿದ ನೀರನ್ನು ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಇದೇ ಅನುಭವ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಮಗುವಿಗೆ ಎದೆಹಾಲು ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ 14 ದಿನ ಜಿಂಕ್ ಕೊಡಿ.

ಹಾಗಾದರೆ ಆಂಟಿಬಯಾಟಿಕ್ ಬೇಡವೇ? ಬೇಕು, ಬೇಕಾದ ಕಡೆ ಖಂಡಿತ ಬೇಕು. ಜ್ವರದೊಂದಿಗೆ ಮಲದಲ್ಲಿ ರಕ್ತ ಬಂದರೆ, ಕಾಲರಾ ತೀವ್ರವಾದರೆ, ಟೈಫಾಯ್ಡ್ ಬಂದರೆ ಅದು ಜೀವ ಉಳಿಸುವ ಔಷಧ. ಆ ನಿರ್ಧಾರ ವೈದ್ಯರದು. ಹಾಗೆಯೇ ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಮಂಕಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ನಮ್ಮ ನೆರೆಯ ಪಟಾನ್‌ಚೆರು ಮಾತು. ಇಲ್ಲಿಂದ ಬೀದರ್ ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವ ಊರು. ಅಲ್ಲಿನ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಬರುತ್ತಿದ್ದ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಅದರಲ್ಲಿತ್ತು. ಈ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು! ಇಂಥ ನೀರಿನಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ, ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು.

ನಮ್ಮ ಕರುಳಿನೊಳಗೂ ನಡೆಯುವುದು ಇದೇ. ಬೇಡದ ಮಾತ್ರೆ ನುಂಗಿದಾಗಲೆಲ್ಲ ಅಲ್ಲಿಯೂ ಒಂದು ಪುಟ್ಟ ಪಟಾನ್‌ಚೆರು ಹುಟ್ಟುತ್ತದೆ. ಒಂದು ಕಾಲಕ್ಕೆ ಟೈಫಾಯ್ಡಿಗೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಾಸಿನ್ ಇಂದು ನಮ್ಮ ದೇಶದಲ್ಲಿ ಆ ರೋಗಕ್ಕೆ ನೆಚ್ಚುವಂತಿಲ್ಲ. ವೈದ್ಯರು ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್‌ಗಳ ಮೊರೆ ಹೋಗಿದ್ದಾರೆ. ಅವೂ ಕೈಕೊಟ್ಟರೆ ಮುಂದೇನು? ಆದ್ದರಿಂದಲೇ ಟೈಫಾಯ್ಡಿನ ಅನುಮಾನ ಬಂದಾಗ, ಔಷಧ ಶುರುಮಾಡುವ ಮೊದಲು ರಕ್ತದ ಕಲ್ಚರ್ ಪರೀಕ್ಷೆಗೆ ವೈದ್ಯರು ಬರೆದುಕೊಟ್ಟರೆ ಮಾಡಿಸಿ. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಟೈಫಾಯ್ಡ್ ಬಾರದಂತೆ ತಡೆಯುವ ಲಸಿಕೆಯೂ ಇದೆ. 6 ತಿಂಗಳ ಮಗುವಿಗೂ ಕೊಡಬಹುದಾದ ಅಂಥ ಒಂದು ಲಸಿಕೆ ನಮ್ಮ ಹೈದರಾಬಾದಿನಲ್ಲೇ ತಯಾರಾಗುತ್ತದೆ. ಮಕ್ಕಳ ವೈದ್ಯರನ್ನು ವಿಚಾರಿಸಿ.

ಕಾರ್ಖಾನೆಯ ನೀರನ್ನು ನಾವು ನೀವು ತಡೆಯಲಾರೆವು. ಮನೆಯ ಔಷಧದ ಡಬ್ಬಿ ಮಾತ್ರ ನಮ್ಮ ಕೈಯಲ್ಲೇ ಇದೆ. ಇವತ್ತು ಅದನ್ನೊಮ್ಮೆ ತೆರೆದು ನೋಡಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ನುಂಗುವ ಮಾತ್ರೆಯಲ್ಲ. ಅದನ್ನು ಮುಂದಿನ ಸಲಕ್ಕೆಂದು ಇಡಬೇಡಿ, ನೆರೆಮನೆಯವರಿಗೂ ಕೊಡಬೇಡಿ. ಅದರ ಜಾಗದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇಡಿ. ಕೈ ಸೋಪಿನಿಂದ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ.