ವೇದಿಕೆಯಿಲ್ಲದ ಗೌರವ

ಕೊಡಗಿನ ಕೆ.ಎಂ. ಕಾರ್ಯಪ್ಪನವರು ಭೂಸೇನೆಯ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾದದ್ದು 1953ರ ಜನವರಿ 14ರಂದು. ಆ ದಿನವನ್ನೇ ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತೇವೆ. ಕೋವಿಡ್ ಕಾಲದಲ್ಲಿ ಸಭೆ ಸಮಾರಂಭಗಳು ನಿಂತಿದ್ದವು. ಆದರೆ ಗೌರವಕ್ಕೆ ಶಾಲು, ಹಾರ, ಮೈಕು ಬೇಕೇ ಬೇಕೆಂದೇನಿಲ್ಲ. ಬೆಂಗಳೂರಿನ ಜಯನಗರ, ಬನಶಂಕರಿಯ ಬೀದಿಗಳಲ್ಲಿ ಗೇಟಿನ ಫಲಕಗಳನ್ನು ಗಮನಿಸಿ. ಕೆಲವು ಹೆಸರುಗಳ ಹಿಂದೆ ‘ಸುಬೇದಾರ್’, ‘ಕರ್ನಲ್’ ಎಂದಿರುತ್ತದೆ. ಆ ಹಿರಿಯರಿಗೆ ಫೋನ್ ಮಾಡಿ, ಔಷಧಿ ತಂದುಕೊಡಿ, ಮಕ್ಕಳ ಕೈಯಲ್ಲಿ ಪತ್ರ ಬರೆಸಿ. ಅವರ ಗಡಿಯ ಅನುಭವಗಳನ್ನು ಕೇಳಿ ಬರೆದಿಡಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ನಡೆಯುವ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಮನೆಯಿಂದಲೇ ಹಣ ಕಳಿಸಬಹುದು. ಅದು ಮಾಜಿ ಸೈನಿಕರಿಗೂ ಹುತಾತ್ಮರ ಕುಟುಂಬಗಳಿಗೂ ನೆರವಾಗುತ್ತದೆ. ನಮಗಾಗಿ ಮನೆಮಂದಿಯನ್ನು ಬಿಟ್ಟು ದೂರವಿದ್ದವರು ಅವರು. ಇವತ್ತೇ ಒಬ್ಬರನ್ನಾದರೂ ಮಾತಾಡಿಸಿ.